ಯಂತ್ರದ ಕಾವಲು, ಮನುಷ್ಯನ ಕಾವಲು: ಕೊಂಕಣ ರೈಲು ಮತ್ತು ನಮ್ಮ ಮೂರು ತಾಲೂಕುಗಳು



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯ, ಯಕ್ಷಗಾನ, ಸ್ಥಳೀಯ ಇತಿಹಾಸ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ನಾನು ರೈಲನ್ನು ಆರಿಸಿಕೊಂಡಿದ್ದೇನೆ. ಕಳೆದ ಮೂರು ದಶಕಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಓದು, ಮೀನು ವ್ಯಾಪಾರ, ವೈದ್ಯ, ವಿವಾಹ, ಮುಂಬೈಯ ನೌಕರಿ ಎಲ್ಲವನ್ನೂ ಬದಲಿಸಿದ್ದು ಈ ಹಳಿ. ಆ ಹಳಿಯೇ ಈಗ ದೊಡ್ಡ ಬದಲಾವಣೆಯ ಹೊಸ್ತಿಲಲ್ಲಿದೆ. ವಿದ್ಯುತ್ ಎಂಜಿನ್ ಬಂದಿದೆ, ಹೊಸ ಬೋಗಿಗಳು ಬಂದಿವೆ, ಅರೆ ಅತಿವೇಗದ ಗಾಡಿ ಓಡುತ್ತಿದೆ. ತಾನೇ ಬ್ರೇಕ್ ಹಾಕುವ ಉಪಕರಣಗಳ ಮಾತು ದೇಶದಲ್ಲೆಲ್ಲ ನಡೆದಿದೆ. ಇದರ ಜೊತೆಗೆ ಕೊಂಕಣ ರೈಲ್ವೆ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ವಿಚಾರವೂ ಮುಂದೆ ಸಾಗಿದೆ. ಇವೆಲ್ಲ ಒಟ್ಟಿಗೆ ಬಂದಾಗ, ಹಳಿಯ ಮೇಲೆ ಎಷ್ಟು ಜನ ಉಳಿಯಬೇಕು ಎಂಬ ಪ್ರಶ್ನೆಯೂ ಜೊತೆಯಲ್ಲೇ ಬರುತ್ತದೆ. ಆದರೆ ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಇಂದು ನಾನು ಅದನ್ನೇ ಕೇಳಬೇಕೆಂದಿದ್ದೇನೆ.

ನನ್ನ ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಇನ್ನೊಂದು ಸಭೆಯೇ ಬೇಕು. ಟಿಕೆಟ್ ದರದ ಚರ್ಚೆಯೂ ಇಲ್ಲಿಲ್ಲ. ಮೊದಲು ಮಳೆಗಾಲದ ಹಳಿ ಕಾವಲು, ಆಮೇಲೆ ಸುಧಾರಿಸಿದ ಗಾಡಿಗಳು ಮತ್ತು ನಮ್ಮ ಸಣ್ಣ ನಿಲ್ದಾಣಗಳು, ಅನಂತರ ಯಂತ್ರಗಳ ಶಕ್ತಿ ಮತ್ತು ಮಿತಿ, ಕೊನೆಗೆ ನೌಕರಿಯ ಪ್ರಶ್ನೆ. ಈ ಕ್ರಮದಲ್ಲಿ ಮಾತನಾಡುತ್ತೇನೆ. ಮೊದಲನೆಯದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಬೇಕು. ಉಳಿದ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಹಿನ್ನೆಲೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರ ಜುಲೈಯಲ್ಲಿ. ಆಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಹಣಕಾಸು ಮಂತ್ರಿ ಮಧು ದಂಡವತೆ. ನಿಗಮದ ಹೊಣೆ ಹೊತ್ತವರು ಇ. ಶ್ರೀಧರನ್. ಬಂಡವಾಳದಲ್ಲಿ ರೈಲ್ವೆಯ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ದಾರಿ. ಅದರಲ್ಲಿ 91 ಸುರಂಗಗಳು, ಹತ್ತಿರ ಹತ್ತಿರ ಎರಡು ಸಾವಿರ ಸಣ್ಣ ದೊಡ್ಡ ಸೇತುವೆಗಳು. ತೋಕೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲಿ ಓಡಾಟ ಶುರುವಾಯಿತು. ಇಡೀ ದಾರಿಯಲ್ಲಿ ಗಾಡಿ ಓಡಿದ್ದು 1998ರ ಜನವರಿ 26ರಂದು. ಈ ಇಡೀ ಮಾರ್ಗದ ಅತಿ ಉದ್ದದ ಸೇತುವೆ ಇರುವುದು ನಮ್ಮ ಹೊನ್ನಾವರದಲ್ಲಿ, ಶರಾವತಿಯ ಮೇಲೆ. ಅದರ ಉದ್ದ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು.

ಇನ್ನು ಮೊದಲನೆಯ ವಿಷಯ.

ಕರಾವಳಿಯ ರೈಲುದಾರಿಗೂ ಬಯಲುಸೀಮೆಯ ರೈಲುದಾರಿಗೂ ಇರುವ ವ್ಯತ್ಯಾಸ ನೆಲದಲ್ಲಿದೆ. ಇಲ್ಲಿ ಗುಡ್ಡವನ್ನು ಕಡಿದು ದಾರಿ ಮಾಡಿದ್ದಾರೆ. ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಬಾವಿ ತೋಡಿಸಿದವರಿಗೆಲ್ಲ ಈ ಮಣ್ಣಿನ ಗುಣ ಗೊತ್ತು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರುಗಳಲ್ಲಿ, ಕಡಿದ ಧರೆಯ ಬುಡದಲ್ಲೇ ಗಾಡಿ ಓಡಬೇಕು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ಗಾಡಿ ಮಹಾರಾಷ್ಟ್ರದ ವೈಭವವಾಡಿ ಬಳಿ ಧರೆಯಿಂದ ಜರಿದು ಬಿದ್ದ ಬಂಡೆಗಳಿಗೆ ಅಪ್ಪಳಿಸಿ ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ರಂದು ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದಲ್ಲೇ, ಕರಂಜಾಡಿ ಹತ್ತಿರ, ಸೇತುವೆಯ ಬಳಿ ಅಪಘಾತಕ್ಕೆ ಈಡಾಯಿತು. ಎರಡೂ ನಮ್ಮ ಜನ ಹತ್ತಿ ಹೋಗುವ ಗಾಡಿಗಳು.

ಆ ಎರಡು ಮಳೆಗಾಲಗಳ ಬಳಿಕ ನಿಗಮ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಮನಸಾರೆ ಒಪ್ಪಬೇಕು. ಧರೆಯ ಇಳಿಜಾರನ್ನು ಸಪಾಟು ಮಾಡಿದರು, ಕಲ್ಲು ಉರುಳದಂತೆ ಉಕ್ಕಿನ ಬಲೆ ಹೊದಿಸಿದರು, ಮಣ್ಣು ಹಿಡಿದಿಡಲು ಲಾವಂಚ ನೆಟ್ಟರು. ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಬಂತು. ಬಹುಕಾಲ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಮುಂದಿನ ದಾರಿ ಕಾಣದಷ್ಟು ಮಳೆ ಹೊಡೆದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಲೋಕೋ ಪೈಲಟ್‌ಗಳಿಗೆ ಆದೇಶವಿದೆ. ಮಳೆಯನ್ನು ತಾನೇ ಅಳೆದು ದಾಖಲಿಸುವ ಮಾಪಕಗಳನ್ನು ಮಾರ್ಗದ ಒಂಬತ್ತು ನಿಲ್ದಾಣಗಳಲ್ಲಿ ಇಟ್ಟಿದ್ದಾರೆ. ಅವುಗಳಲ್ಲಿ ಭಟ್ಕಳವೂ ಒಂದು. ಗಾಳಿಯ ವೇಗ ಅಳೆಯುವ ಯಂತ್ರ ಇಡೀ ಮಾರ್ಗದಲ್ಲಿ ನಾಲ್ಕು ಕಡೆ ಮಾತ್ರ ಇದೆ: ರತ್ನಾಗಿರಿ ಬಳಿಯ ಪಾನವಲ್ ಸೇತುವೆ, ಗೋವೆಯ ಮಾಂಡವಿ, ಜುವಾರಿ ಸೇತುವೆಗಳು ಮತ್ತು ಹೊನ್ನಾವರ–ಮಂಕಿ ನಡುವಿನ ನಮ್ಮ ಶರಾವತಿ ಸೇತುವೆ. ಮಿತಿ ಮೀರಿದ ಗಾಳಿ ಬೀಸಿದರೆ ಗಾಡಿಯನ್ನು ಸೇತುವೆ ಹತ್ತಲು ಬಿಡುವುದಿಲ್ಲ. ಸಮುದ್ರದ ಮುಖದಲ್ಲಿ ಎರಡು ಕಿಲೋಮೀಟರ್ ಬಯಲಾಗಿ ನಿಂತ ಸೇತುವೆಗೆ ಈ ಎಚ್ಚರ ಬೇಕೇ ಬೇಕು.

ಇಷ್ಟು ಯಂತ್ರಗಳಿದ್ದೂ ಪ್ರತಿ ಮಳೆಗಾಲದಲ್ಲಿ ನಿಗಮ ಆರುನೂರಕ್ಕೂ ಹೆಚ್ಚು ಜನರನ್ನು ಹಳಿ ಕಾವಲಿಗೆ ಹಾಕುತ್ತದೆ. ಅಪಾಯದ ಜಾಗಗಳಲ್ಲಿ ಹಗಲು ರಾತ್ರಿ ಪಾಳಿಯ ಮೇಲೆ ಕಾವಲುಗಾರರು ಕೂರುತ್ತಾರೆ. ಉಳಿದೆಡೆ ಗಸ್ತಿನವರು ನಡೆಯುತ್ತಾರೆ. ಕೈಯಲ್ಲಿ ಟಾರ್ಚು, ಕೆಂಪು ಹಸುರು ಬಾವುಟ, ಕೈದೀಪ, ಚೀಲದಲ್ಲಿ ಹಳಿಯ ಮೇಲೆ ಇಡುವ ಪಟಾಕಿ. ಗಾಡಿಯ ಗಾಲಿ ಅದರ ಮೇಲೆ ಹತ್ತಿದರೆ ಸ್ಫೋಟದ ಸದ್ದು ಕೇಳಿ ಚಾಲಕ ಬ್ರೇಕ್ ಹಾಕುತ್ತಾನೆ. ಹಳಿಯುದ್ದಕ್ಕೂ ಸರಾಸರಿ ಕಿಲೋಮೀಟರಿಗೊಂದರಂತೆ ತುರ್ತು ದೂರವಾಣಿ ಸಾಕೆಟ್‌ಗಳಿವೆ; ಗಸ್ತಿನವನು ಅಲ್ಲಿಂದ ಸ್ಟೇಷನ್ ಮಾಸ್ತರರೊಡನೆ ಮಾತಾಡಬಹುದು. ಆಷಾಢದ ನಡುರಾತ್ರಿ, ಜಲ್ಲಿಯ ಮೇಲೆ, ಹಾವು ಹರಿದಾಡುವ ದಾರಿಯಲ್ಲಿ, ಒಂದು ಕಡೆ ಧರೆ ಇನ್ನೊಂದು ಕಡೆ ನೀರು ತುಂಬಿದ ಗದ್ದೆ ಇರುವಲ್ಲಿ ಮೈಲಿಗಟ್ಟಲೆ ನಡೆಯುವುದು ಎಂಥ ಕೆಲಸವೆಂದು ಈ ಸಭೆಯಲ್ಲಿರುವ ಹಲವರಿಗೆ ವಿವರಿಸಬೇಕಾಗಿಲ್ಲ. ನಿಮ್ಮ ಮನೆಯವರೇ ಆ ಕೆಲಸದಲ್ಲಿದ್ದಾರೆ.

ಈಗ ನಮ್ಮ ಪಕ್ಕದಲ್ಲೇ ನಡೆದ ಒಂದು ಘಟನೆ. 2024ರ ಸೆಪ್ಟೆಂಬರ್ ಮೊದಲ ವಾರ. ಕುಮಟಾ–ಹೊನ್ನಾವರ ನಡುವೆ, ಬೆಳಗಿನ ಐದು ಗಂಟೆಗೆ ಸ್ವಲ್ಪ ಮುಂಚೆ, ಗಸ್ತಿನಲ್ಲಿದ್ದ ಒಬ್ಬ ಟ್ರ್ಯಾಕ್‌ಮನ್ ಹಳಿಯ ಒಂದು ಜೋಡಣೆಯಲ್ಲಿ ಬೆಸುಗೆ ಪೂರ್ತಿಯಾಗಿಲ್ಲದ್ದನ್ನು ಕಂಡರು. ತಿರುವನಂತಪುರದಿಂದ ದಿಲ್ಲಿಗೆ ಹೋಗುವ ರಾಜಧಾನಿ ಎಕ್ಸ್‌ಪ್ರೆಸ್ ಬರುವ ಹೊತ್ತು. ಕೂಡಲೆ ಕುಮಟಾ ನಿಲ್ದಾಣಕ್ಕೆ ತಿಳಿಸಿದರು. ಗಾಡಿ ಆಗಲೇ ಹೊನ್ನಾವರ ದಾಟಿಯಾಗಿತ್ತು. ಲೋಕೋ ಪೈಲಟ್‌ನನ್ನು ನೇರವಾಗಿ ಸಂಪರ್ಕಿಸಲು ನೋಡಿದರು, ಆಗಲಿಲ್ಲ. ಆಮೇಲೆ ಉಳಿದದ್ದು ಓಡುವುದೊಂದೇ. ಹಳಿಯ ಮೇಲೆಯೇ ಗಾಡಿಗೆ ಎದುರಾಗಿ ಅರ್ಧ ಕಿಲೋಮೀಟರ್ ಓಡಿ, ಸಂಕೇತ ತೋರಿಸಿ, ಗಾಡಿಯನ್ನು ನಿಲ್ಲಿಸಿದರು. ಬೆಸುಗೆ ಸರಿಮಾಡಿದ ಮೇಲೆ ರಾಜಧಾನಿ ಮುಂದೆ ಹೋಯಿತು. ನಿಗಮದ ಅಧ್ಯಕ್ಷರು ಅವರಿಗೆ ನಗದು ಬಹುಮಾನ ಕೊಟ್ಟು ಗೌರವಿಸಿದರು.

ಇದನ್ನು ಬರೀ ಶೌರ್ಯದ ಸುದ್ದಿಯಾಗಿ ಓದಿ ಮರೆಯುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಅದರಲ್ಲಿ ಎಂಜಿನಿಯರಿಂಗಿನ ಒಂದು ಪಾಠವಿದೆ. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಹಳಿಯಲ್ಲಿ ಗಾಡಿ ಇದೆಯೋ ಇಲ್ಲವೋ ತಿಳಿಯಲು ರೈಲ್ವೆಯಲ್ಲಿ ಎರಡು ಬಗೆಯ ಏರ್ಪಾಡುಗಳಿವೆ. ಒಂದು ಟ್ರ್ಯಾಕ್ ಸರ್ಕೀಟು: ಹಳಿಗಳ ಮೂಲಕವೇ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಹಳಿ ಪೂರ್ತಿ ತುಂಡಾದರೆ ಪ್ರವಾಹ ಕಡಿದು ಸಿಗ್ನಲ್ ಕೆಂಪಾಗುವ ಸಂಭವವುಂಟು. ಇನ್ನೊಂದು ಆಕ್ಸಲ್ ಕೌಂಟರ್: ಒಂದು ತುದಿಯಲ್ಲಿ ಎಷ್ಟು ಅಚ್ಚುಗಳು ಒಳಗೆ ಹೋದವು, ಇನ್ನೊಂದು ತುದಿಯಲ್ಲಿ ಎಷ್ಟು ಹೊರಗೆ ಬಂದವು ಎಂದು ಎಣಿಸುತ್ತದೆ. ಎರಡು ನಿಲ್ದಾಣಗಳ ನಡುವಿನ ಉದ್ದದ ದಾರಿಗೆ ಇಂದು ಸಾಮಾನ್ಯವಾಗಿ ಬಳಸುವುದು ಇದನ್ನೇ. ಇದು ಮಳೆಗೆ ಹೆದರುವುದಿಲ್ಲ, ನಿರ್ವಹಣೆ ಸುಲಭ. ಆದರೆ ಇದಕ್ಕೆ ಅಚ್ಚು ಎಣಿಸುವುದು ಗೊತ್ತೇ ಹೊರತು ನಡುವಿನ ಹಳಿಯ ಸ್ಥಿತಿ ಗೊತ್ತಿಲ್ಲ. ಬೆಸುಗೆ ಬಿಟ್ಟರೂ, ಬಂಡೆ ಬಿದ್ದರೂ, ಜಲ್ಲಿ ಕೊಚ್ಚಿಹೋದರೂ ಅದರ ಲೆಕ್ಕದಲ್ಲಿ ದಾರಿ ಸುಗಮ. ಆ ಬೆಳಗಿನ ಜಾವ ಹಳಿಯನ್ನು ಕಣ್ಣಿಂದ ಕಂಡವರು ಒಬ್ಬರೇ. ಅವರಿಲ್ಲದಿದ್ದರೆ ಆ ಸಂಗತಿ ಯಾವ ಪರದೆಯ ಮೇಲೂ ಮೂಡುತ್ತಿರಲಿಲ್ಲ.

ಅದೇ ಘಟನೆಯ ಇನ್ನೊಂದು ಮುಖವನ್ನೂ ಹೇಳಬೇಕು. ಕಂಡದ್ದನ್ನು ಚಾಲಕನಿಗೆ ಮುಟ್ಟಿಸಲು ಅವರಿಗೆ ಕಾಲುಗಳನ್ನೇ ನೆಚ್ಚಬೇಕಾಯಿತು. ಗಸ್ತಿನವರ ಕೈಯ ಸಾಧನ ಚಲಿಸುವ ಗಾಡಿಯ ಚಾಲಕನನ್ನು ಖಚಿತವಾಗಿ ತಲುಪುವಂತಿದ್ದರೆ ಆ ಓಟವೇ ಬೇಕಾಗುತ್ತಿರಲಿಲ್ಲ. ಯಂತ್ರಕ್ಕೆ ಮೊದಲು ದುಡ್ಡು ಹಾಕಬೇಕಾದ ಜಾಗ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಹಳಿಯ ಮೇಲೆ ನಡೆಯುವವರ ಕೈಗೆ ಎಂದು ಹೇಳುತ್ತೇನೆ. ಅವರ ಜೀವ ಕಾಯುವ ಸಾಧನವೂ ಬೇಕು. ಹತ್ತಿರ ಬರುತ್ತಿರುವ ಗಾಡಿಯ ಸೂಚನೆಯನ್ನು ರೇಡಿಯೋ ಮೂಲಕ ಕೊಟ್ಟು ಹಳಿ ಕೆಲಸದವರನ್ನು ಎಚ್ಚರಿಸುವ 'ರಕ್ಷಕ' ಎಂಬ ಸಾಧನವನ್ನು ಭಾರತೀಯ ರೈಲ್ವೆಯಲ್ಲಿ ಬಳಕೆಗೆ ತಂದಿದ್ದಾರೆ. ಕರ್ತವ್ಯದ ಮೇಲಿರುವಾಗಲೇ ಗಾಡಿಗೆ ಸಿಕ್ಕಿ ಸಾಯುವ ನೌಕರರ ಬಗ್ಗೆ ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ 2012ರ ವರದಿಯಲ್ಲೇ ಕಳವಳ ಹೇಳಿತ್ತು. ಅಂಥ ಸಾಧನ ಕರಾವಳಿಯ ಪ್ರತಿಯೊಬ್ಬ ಗಸ್ತಿನವನ ಸೊಂಟದಲ್ಲಿ ಇರಬೇಕು.

ಇಷ್ಟು ಹೇಳಿ ಎರಡನೆಯ ವಿಷಯಕ್ಕೆ, ಸುಧಾರಿಸಿದ ಗಾಡಿಗಳಿಗೆ, ಬರುತ್ತೇನೆ.

ಕೊಂಕಣ ಮಾರ್ಗದ ಪೂರ್ಣ ವಿದ್ಯುದೀಕರಣ 2022ರ ಮಾರ್ಚ್‌ನಲ್ಲಿ ಮುಗಿಯಿತು. ಆ ವರ್ಷದ ಜೂನ್ 20ರಂದು ಪ್ರಧಾನಿ ಬೆಂಗಳೂರಿನಿಂದ ಅದನ್ನು ಲೋಕಾರ್ಪಣೆ ಮಾಡಿದರು. ಸುರಂಗಗಳಲ್ಲಿ ಡೀಸೆಲ್ ಹೊಗೆ ಕಡಿಮೆಯಾಯಿತು, ಇಂಧನದ ಖರ್ಚು ಇಳಿಯಿತು. ಇದು ದೊಡ್ಡ ಗಳಿಕೆ. ಆದರೆ ವಿದ್ಯುದೀಕರಣದಿಂದ ಜನ ಕಡಿಮೆ ಸಾಕಾಗುತ್ತಾರೆ ಎಂದು ತಿಳಿದರೆ ತಪ್ಪು. ಮೇಲ್ತಂತಿಯನ್ನು ನೋಡಿಕೊಳ್ಳಲು ಹೊಸ ತಂಡವೇ ಬೇಕು. ಕಡಲ ಗಾಳಿಯ ಉಪ್ಪು ತಂತಿಯ ಇನ್ಸುಲೇಟರುಗಳ ಮೇಲೆ ಕೂರುತ್ತದೆ, ಅದನ್ನು ತೊಳೆಯಬೇಕು. ತಂತಿಯ ಮೇಲೆ ಬಾಗುವ ಕೊಂಬೆಗಳನ್ನು ಮಳೆಗೆ ಮುಂಚೆ ಸವರಬೇಕು. ಮೊದಲು ಹಳಿಯ ಮೇಲೆ ಮರ ಬಿದ್ದರೆ ಕಡಿದು ತೆಗೆದರೆ ಆಗುತ್ತಿತ್ತು. ಈಗ ತಂತಿಯ ಕರೆಂಟು ತೆಗೆಸಿ, ಕಡಿದು, ತಂತಿ ಪರೀಕ್ಷಿಸಿ, ಮತ್ತೆ ಕರೆಂಟು ಕೊಡಬೇಕು.

ಬೋಗಿಗಳ ವಿಷಯ. ಮತ್ಸ್ಯಗಂಧ 1998ರಿಂದ ನಮ್ಮನ್ನು ಮುಂಬೈಗೆ ಒಯ್ಯುತ್ತಿರುವ ಗಾಡಿ. ಅದಕ್ಕೆ ಎಲ್‌ಎಚ್‌ಬಿ ಬೋಗಿಗಳು ಬಂದದ್ದು 2025ರ ಫೆಬ್ರವರಿಯಲ್ಲಿ. ಜರ್ಮನಿಯ ವಿನ್ಯಾಸದ ಈ ಬೋಗಿಗಳು ಅಪಘಾತವಾದಾಗ ಒಂದರ ಮೇಲೊಂದು ಹತ್ತುವುದು ಕಡಿಮೆ. ಡಿಸ್ಕ್ ಬ್ರೇಕ್ ಇರುವುದರಿಂದ ಬೇಗ ನಿಲ್ಲುತ್ತವೆ. 2004ರಲ್ಲಿ ಇದೇ ಗಾಡಿಗೆ ಆದ ಅಪಘಾತವನ್ನು ನೆನೆದರೆ, ಈ ಸುಧಾರಣೆ ಇಷ್ಟು ತಡವಾಗಬಾರದಿತ್ತು ಎಂದು ಹೇಳದೆ ಇರಲಾರೆ. ಹಳೆಯ ಮಾದರಿಯ ಬೋಗಿಗಳ ತಯಾರಿಕೆಯನ್ನೇ ರೈಲ್ವೆ 2018ರಲ್ಲಿ ನಿಲ್ಲಿಸಿತ್ತು.

ಮಂಗಳೂರು–ಮಡಗಾಂವ್ ವಂದೇ ಭಾರತ್ ಉದ್ಘಾಟನೆಯಾದದ್ದು 2023ರ ಡಿಸೆಂಬರ್ 30ರಂದು. ಆರಂಭದ ವೇಳಾಪಟ್ಟಿಯಲ್ಲಿ ಅದಕ್ಕೆ ನಡುವೆ ಎರಡೇ ನಿಲುಗಡೆ: ಉಡುಪಿ, ಕಾರವಾರ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಅದರ ಕಿಟಕಿಯಿಂದ ಹಾದುಹೋಗುವ ಹೆಸರುಫಲಕಗಳು. ವೇಗದ ಗಾಡಿ ಎಲ್ಲ ಕಡೆ ನಿಲ್ಲಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಇದು ಒಂಟಿ ಹಳಿಯ ದಾರಿ. ಇಡೀ ಕೊಂಕಣ ಮಾರ್ಗದಲ್ಲಿ ಜೋಡಿ ಹಳಿ ಆಗಿರುವುದು ಉತ್ತರದ ತುದಿಯ ರೋಹಾ–ವೀರ್ ನಡುವೆ, ಸುಮಾರು 47 ಕಿಲೋಮೀಟರ್, 2021ರಲ್ಲಿ. ಒಂಟಿ ಹಳಿಯಲ್ಲಿ ಒಂದು ಗಾಡಿ ವೇಗವಾಗಿ ಹೋಗಬೇಕಾದರೆ ಇನ್ನೊಂದು ಕ್ರಾಸಿಂಗಿಗೆ ನಿಲ್ಲಲೇಬೇಕು. ಹಾಗೆ ನಿಲ್ಲುವುದು ಹೆಚ್ಚಾಗಿ ಲೋಕಲ್ ಗಾಡಿ. ಅದರಲ್ಲಿ ಕೂತವರು ಕಾಲೇಜಿಗೆ ಹೊರಟ ಹುಡುಗಿಯರು, ಮೀನು ಬುಟ್ಟಿ ಇಟ್ಟುಕೊಂಡ ಹೆಂಗಸರು, ಮಣಿಪಾಲದ ಆಸ್ಪತ್ರೆಗೆ ಹೊರಟ ಮುದುಕರು. ಸುಸಜ್ಜಿತ ಬಹುವಿಶೇಷತಾ ಆಸ್ಪತ್ರೆಗಾಗಿ ನಮ್ಮ ಜಿಲ್ಲೆ ವರ್ಷಗಟ್ಟಲೆ ಕೂಗಿದೆ. ಅದು ಬರುವ ತನಕ ನಮ್ಮ ಪಾಲಿಗೆ ಮಣಿಪಾಲ, ಮಂಗಳೂರುಗಳ ದಾರಿಯೇ ಗತಿ. ರೋಗಿಯನ್ನು ಒಯ್ಯುವ ಗಾಡಿ ಕ್ರಾಸಿಂಗಿನಲ್ಲಿ ಕಾಯುವುದನ್ನು ನಾನು ಸಣ್ಣ ತೊಂದರೆ ಎಂದು ಕರೆಯಲಾರೆ.

ಪರಿಹಾರ ಇಲ್ಲದಿಲ್ಲ. ನಿಗಮ ಮಾರ್ಗದ ಹತ್ತು ಕಡೆ ಹೊಸ ಕ್ರಾಸಿಂಗ್ ನಿಲ್ದಾಣಗಳನ್ನು ಕೈಗೆತ್ತಿಕೊಂಡಿತು. ಅವುಗಳಲ್ಲಿ ನಮ್ಮ ಮಿರ್ಜಾನ್ ಒಂದು, ಉಡುಪಿ ಕಡೆಯ ಇನ್ನಂಜೆ ಇನ್ನೊಂದು. ನಿಲ್ದಾಣಗಳ ನಡುವಿನ ಅಂತರ ತುಂಡಾದಷ್ಟೂ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಹೊಸ ಬೋಗಿಗೆ ಫೋಟೊ ಸಿಗುತ್ತದೆ, ಗಾಡಿ ಬದಿಗೆ ಸರಿದು ನಿಲ್ಲುವ ಮಿರ್ಜಾನಿನ ಲೂಪ್ ಲೈನಿಗೆ ಸಿಗುವುದಿಲ್ಲ. ಆದರೆ ಕುಮಟೆಯ ವಿದ್ಯಾರ್ಥಿಗೆ ಹೆಚ್ಚು ಉಪಕಾರ ಮಾಡುವುದು ಎರಡನೆಯದೇ. ಅಂಥ ಪ್ರತಿ ನಿಲ್ದಾಣಕ್ಕೂ ಮೂರು ಪಾಳಿಯ ಸ್ಟೇಷನ್ ಮಾಸ್ತರರು, ಪಾಯಿಂಟ್ಸ್‌ಮನ್‌ಗಳು ಬೇಕು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ.

ಈಗ ಮೂರನೆಯ ವಿಷಯ: ತಾನೇ ಕೆಲಸ ಮಾಡುವ ಯಂತ್ರಗಳು.

ಈ ವಿಷಯದಲ್ಲಿ ಕೊಂಕಣ ರೈಲ್ವೆಗೆ ಹೆಮ್ಮೆಯ ಸ್ಥಾನವಿದೆ, ಅದನ್ನು ನಮ್ಮ ಯುವಕರು ತಿಳಿದಿರಬೇಕು. 1999ರ ಆಗಸ್ಟ್‌ನಲ್ಲಿ ಬಂಗಾಳದ ಗೈಸಲ್‌ನಲ್ಲಿ ಎರಡು ಗಾಡಿಗಳು ಮುಖಾಮುಖಿ ಡಿಕ್ಕಿಯಾಗಿ ನೂರಾರು ಜನ ಸತ್ತ ಬಳಿಕ, ಡಿಕ್ಕಿ ತಡೆಯುವ ಸಾಧನವೊಂದನ್ನು ಈ ದೇಶದಲ್ಲೇ ರೂಪಿಸಲು ಮುಂದೆ ಬಂದದ್ದು ಇದೇ ನಿಗಮ. ಅದರ ಹಿಂದೆ ಇದ್ದವರು ಎಂಜಿನಿಯರ್ ಬಿ. ರಾಜಾರಾಂ. ಎಂಜಿನ್ನಿನಲ್ಲಿಟ್ಟ ಸಾಧನ ಉಪಗ್ರಹದಿಂದ ತನ್ನ ಸ್ಥಾನ ತಿಳಿದುಕೊಂಡು, ರೇಡಿಯೋ ಮೂಲಕ ಇತರ ಗಾಡಿಗಳ ಸಾಧನಗಳೊಡನೆ ಮಾತಾಡಿ, ಅಪಾಯವಿದ್ದರೆ ತಾನೇ ಬ್ರೇಕ್ ಹಾಕುತ್ತಿತ್ತು. ಈಶಾನ್ಯ ಗಡಿ ರೈಲ್ವೆಯಲ್ಲಿ ಅದನ್ನು ಅಳವಡಿಸಿದರು. ಪಕ್ಕಪಕ್ಕದ ಹಳಿಗಳಲ್ಲಿ ಗಾಡಿ ಯಾವುದರಲ್ಲಿದೆ ಎಂದು ಉಪಗ್ರಹದ ಲೆಕ್ಕ ಖಚಿತವಾಗಿ ಹೇಳಲಾರದೆ ತೊಡಕಾಯಿತು. ಆದರೂ ಆ ಪ್ರಯತ್ನ ವ್ಯರ್ಥವಲ್ಲ. ಹಾದಿ ತೋರಿಸಿದ್ದು ಅದು.

ಆಮೇಲೆ ಬಂದದ್ದು ಕವಚ್. ಇದರ ಆರಂಭದ ಪ್ರಯೋಗಗಳು ದಕ್ಷಿಣ ಮಧ್ಯ ರೈಲ್ವೆಯಲ್ಲಿ, ಹೈದರಾಬಾದ್ ಕಡೆಯಿಂದ ನಮ್ಮ ವಾಡಿ, ಬೀದರ್‌ಗಳವರೆಗಿನ ದಾರಿಯಲ್ಲಿ ನಡೆದವು. 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡರು. ಹಳಿಯ ನಡುವೆ ಇಟ್ಟ ಸಣ್ಣ ಗುರುತುಪಟ್ಟಿಗಳನ್ನು ಎಂಜಿನ್ ಓದಿಕೊಳ್ಳುತ್ತದೆ. ನಿಲ್ದಾಣದಿಂದ ಸಿಗ್ನಲ್ಲಿನ ಸ್ಥಿತಿ ರೇಡಿಯೋದಲ್ಲಿ ಬರುತ್ತದೆ. ಚಾಲಕ ಕೆಂಪು ದೀಪವನ್ನು ಗಮನಿಸದಿದ್ದರೆ, ಮಿತಿ ಮೀರಿದ ವೇಗದಲ್ಲಿದ್ದರೆ ಯಂತ್ರವೇ ಬ್ರೇಕ್ ಹಾಕುತ್ತದೆ. ಮಳೆ ಮುಸುಕಿದಾಗ ಸಿಗ್ನಲ್ ಕಾಣದ ನಮ್ಮ ದಾರಿಯಲ್ಲಿ, ಸಿಗ್ನಲ್ಲನ್ನು ಚಾಲಕನ ಕಣ್ಣ ಮುಂದಿನ ಪರದೆಗೆ ತರುವ ಈ ವ್ಯವಸ್ಥೆ ಬೇಗ ಬರಬೇಕು ಎಂದು ನಾನು ಆಗ್ರಹಿಸುತ್ತೇನೆ. ಕವಚ್ ಬಂದರೆ ಚಾಲಕನ ಹೊರೆ ಇಳಿಯುತ್ತದೆ, ಜೀವ ಉಳಿಯುತ್ತದೆ. ಆದರೆ ಧರೆಯಿಂದ ಜರಿದ ಬಂಡೆ ಅದಕ್ಕೆ ಕಾಣುವುದಿಲ್ಲ. ವೈಭವವಾಡಿಯ ಅಪಘಾತವನ್ನು ಕವಚ್ ತಪ್ಪಿಸುತ್ತಿರಲಿಲ್ಲ.

ಯಂತ್ರ ಇದ್ದರೂ ಅಪಘಾತ ಹೇಗಾಗುತ್ತದೆ ಎಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತೇನೆ. 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಗೆ ಹಸುರು ಸಿಗ್ನಲ್ ಇತ್ತು, ದಾರಿ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ನಿಂತಿದ್ದ ಗೂಡ್ಸ್ ಗಾಡಿಗೆ ಅದು ಬಡಿಯಿತು; 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕೀಟು ಬದಲಿಸುವ ಕೆಲಸದಲ್ಲಿ ಆದ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಮರುವರ್ಷ ಜೂನ್ 17ರಂದು ಬಂಗಾಳದ ರಂಗಾಪಾಣಿ ಬಳಿ ಸ್ವಯಂಚಾಲಿತ ಸಿಗ್ನಲ್‌ಗಳು ಕೆಟ್ಟಿದ್ದವು; ಕಾಗದದ ಅನುಮತಿ ಪತ್ರ ಪಡೆದು ಹೊರಟ ಗೂಡ್ಸ್ ಗಾಡಿ ಕಾಂಚನಜಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಸ್ವಯಂಚಾಲಿತ ಸಿಗ್ನಲ್ ಇರುವ ದಾರಿಯಲ್ಲಿ ಕೆಲಸ ಮಾಡುವ ತರಬೇತಿ ನೌಕರರಿಗೆ ಸಾಲದಾಗಿತ್ತು ಎಂದು ಅಲ್ಲೂ ತನಿಖೆ ಕಂಡುಕೊಂಡಿತು. ಯಂತ್ರ ಸುಸ್ಥಿತಿಯಲ್ಲಿರುವಾಗ ಮನುಷ್ಯನ ಕೆಲಸ ಕಡಿಮೆ, ನಿಜ. ಅದು ಕೆಟ್ಟ ಕ್ಷಣದಲ್ಲಿ ಮೊದಲಿಗಿಂತ ಹೆಚ್ಚು ತಿಳಿವಳಿಕೆಯ ಮನುಷ್ಯ ಅಲ್ಲಿ ಬೇಕು. ಆ ತಿಳಿವಳಿಕೆ ನಿತ್ಯದ ಅಭ್ಯಾಸದಿಂದ ಬರುವಂಥದ್ದು.

ಚಾಲಕನೇ ಇಲ್ಲದೆ ಗಾಡಿಗಳು ಓಡುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಓಡುತ್ತವೆ. ಪ್ಯಾರಿಸ್ಸಿನ ಮೆಟ್ರೋದ 14ನೇ ಮಾರ್ಗ 1998ರಿಂದ ಹಾಗೆ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು ಮೆಟ್ರೋದ ಹಳದಿ ಮಾರ್ಗವೂ ಚಾಲಕರಹಿತ ಓಟಕ್ಕೆಂದೇ ಕಟ್ಟಿದ್ದು. ಅವು ಬೇಲಿಯೊಳಗಿನ ದಾರಿಗಳು, ಒಂದೇ ಬಗೆಯ ಗಾಡಿಗಳು. ದನ, ಧರೆ, ಮರ, ಗೂಡ್ಸ್, ಲಾರಿ ಹೊತ್ತ ರೋ-ರೋ, ರಾಜಧಾನಿ, ಲೋಕಲ್ ಎಲ್ಲ ಒಂದೇ ಹಳಿಯಲ್ಲಿ ಸಾಗುವ ಮಾರ್ಗಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಕೊನೆಯದಾಗಿ ನೌಕರಿಯ ವಿಷಯ.

ಈ ದಾರಿಗಾಗಿ ನಲವತ್ತು ಸಾವಿರಕ್ಕೂ ಹೆಚ್ಚು ಭೂಮಾಲೀಕರು ನೆಲ ಬಿಟ್ಟುಕೊಟ್ಟರು. ನಮ್ಮಲ್ಲಿ ಹೋದದ್ದು ತೆಂಗಿನ ತೋಟ, ಗದ್ದೆ, ಮನೆಯಂಗಳ. ಭೂಮಿ ಕಳೆದುಕೊಂಡ ಕುಟುಂಬದವರಿಗೆ ನೇಮಕಾತಿಯಲ್ಲಿ ಆದ್ಯತೆ ಎಂಬ ನಿಯಮವನ್ನು ನಿಗಮ ಇಟ್ಟುಕೊಂಡು ಬಂದಿದೆ. 2024ರಲ್ಲಿ ಹೊರಟ 190 ಹುದ್ದೆಗಳ ಪ್ರಕಟಣೆಯಲ್ಲೂ ಪಾಯಿಂಟ್ಸ್‌ಮನ್, ಟ್ರ್ಯಾಕ್ ಮೇಂಟೇನರ್, ಸಹಾಯಕ ಲೋಕೋ ಪೈಲಟ್, ಸ್ಟೇಷನ್ ಮಾಸ್ತರ್ ಹುದ್ದೆಗಳಿದ್ದವು, ಆ ಆದ್ಯತೆಯೂ ಇತ್ತು. ಇದನ್ನು ಉಪಕಾರವೆಂದು ನೋಡಬಾರದು. ಈ ಮಣ್ಣಿನ ಗುಣ ಬಲ್ಲವರನ್ನೇ ಈ ಹಳಿಗೆ ಹಾಕುವ ವಿವೇಕ ಅದರಲ್ಲಿದೆ. ಯಾವ ಧರೆಯಲ್ಲಿ ಹೊಸದಾಗಿ ನೀರು ಒಸರುತ್ತಿದೆ, ಯಾವ ಹಳ್ಳದ ನೀರು ಕೆಂಪಾಯಿತು, ಯಾವ ಮರ ವಾಲಿತು ಎಂದು ಊರಿನವನ ಕಣ್ಣಿಗೆ ಬೇಗ ಬೀಳುತ್ತದೆ.

ಯಂತ್ರ ಬಂದರೂ ಜನ ಬೇಕೆಂಬುದು ದೇಶದ ಮಟ್ಟದಲ್ಲೂ ಕಂಡುಬಂದಿದೆ. 2024ರ ಆರಂಭದಲ್ಲಿ ಭಾರತೀಯ ರೈಲ್ವೆ 5,696 ಸಹಾಯಕ ಲೋಕೋ ಪೈಲಟ್ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಕೆಲವೇ ತಿಂಗಳಲ್ಲಿ ಆ ಸಂಖ್ಯೆಯನ್ನು 18,799ಕ್ಕೆ ಏರಿಸಬೇಕಾಯಿತು. ಅದೇ ಕಾಲದಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ವಾರದ ವಿಶ್ರಾಂತಿಗಾಗಿ ಹೋರಾಟಕ್ಕೆ ಇಳಿದಿದ್ದರು. ನಿದ್ದೆಗೆಟ್ಟ ಚಾಲಕನ ಕೈಗೆ ಎಂಥ ಎಂಜಿನ್ ಕೊಟ್ಟರೂ ಪ್ರಯಾಣಿಕ ಸುರಕ್ಷಿತನಲ್ಲ.

ಜನ ಕಡಿಮೆ ಮಾಡಬಹುದಾದ ಜಾಗಗಳೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಮೊಬೈಲಿನಲ್ಲಿ ಟಿಕೆಟ್ ಬಂದ ಮೇಲೆ ಕೌಂಟರಿನ ಸಾಲು ಕರಗಿದೆ.  ಅಲ್ಲಿ ಉಳಿದ ಕೈಗಳನ್ನು ಹಳಿಗೆ ತಿರುಗಿಸಲಿ. ಆದರೆ ಕಡಿತ ಸಲ್ಲದ ಜಾಗಕ್ಕೂ ಒಂದು ಉದಾಹರಣೆ ನೋಡಿ. ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲದೆ ಹೋಗುವಾಗ ಸ್ಟೇಷನ್ ಮಾಸ್ತರರು ಒಂದು ಕಡೆ, ಪಾಯಿಂಟ್ಸ್‌ಮನ್ ಇನ್ನೊಂದು ಕಡೆ ಹಸುರು ಬಾವುಟ ಹಿಡಿದು ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಗಾಡಿಯ ಅಡಿಯಲ್ಲಿ ಏನಾದರೂ ನೇತಾಡುತ್ತಿದೆಯೇ, ಯಾವುದಾದರೂ ಅಚ್ಚು ಕಾದು ಹೊಗೆಯಾಡುತ್ತಿದೆಯೇ ಎಂದು ಅವರು ನೋಡುತ್ತಿರುತ್ತಾರೆ. ಬಿಸಿ ಅಚ್ಚು ಪತ್ತೆ ಮಾಡುವ ಯಂತ್ರಗಳಿವೆ, ಅವೂ ಬರಲಿ. ಅದಕ್ಕಾಗಿ ಈ ಎರಡು ಜೊತೆ ಕಣ್ಣುಗಳನ್ನು ಲೆಕ್ಕಪತ್ರದಿಂದ ಹೊಡೆದುಹಾಕಬಾರದು.

ವಿಲೀನದ ಮಾತಿಗೆ ಬಂದು ಮುಗಿಸುತ್ತೇನೆ. ಗೋವಾ, ಕರ್ನಾಟಕ, ಕೇರಳಗಳ ಬಳಿಕ 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು. ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕು, ತಾನು ಹಾಕಿದ 396 ಕೋಟಿ ರೂಪಾಯಿಗೂ ಮಿಕ್ಕ ಬಂಡವಾಳ ಮರಳಿ ಬರಬೇಕು ಎಂದು ಅದು ಷರತ್ತು ಹಾಕಿತು. ಸಾಲದ ಭಾರ ಹೊತ್ತ ಸಣ್ಣ ನಿಗಮದಿಂದ ಜೋಡಿ ಹಳಿಯ ಖರ್ಚು ನಿಭಾಯಿಸಲಾಗದು. ಆದ್ದರಿಂದ ವಿಲೀನ ಆಗಬೇಕೆಂಬ ಕರಾವಳಿಯವರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಇಂಥ ಹೊತ್ತಿನಲ್ಲಿ ಹುದ್ದೆಗಳ ಮಂಜೂರಾತಿಯನ್ನು ದೇಶದ ಸರಾಸರಿಗೆ ತಂದು ಕೂರಿಸುವ ಆಸೆ ಹುಟ್ಟುವುದು ಸಹಜ. ಬಯಲುಸೀಮೆಯ ಕಿಲೋಮೀಟರಿಗೆ ಎಷ್ಟು ಜನ ಸಾಕೋ ಅಷ್ಟೇ ಶರಾವತಿಯಿಂದ ಅಘನಾಶಿನಿಯವರೆಗಿನ ಕಿಲೋಮೀಟರಿಗೂ ಸಾಕು ಎಂದು ಯಾರಾದರೂ ಕಾಗದದ ಮೇಲೆ ಬರೆದರೆ, ಅದರ ಬೆಲೆ ತೆರುವವರು ನಾವು.

ಮಹಾರಾಷ್ಟ್ರ ಹೆಸರಿಗೂ ಹಣಕ್ಕೂ ಷರತ್ತು ಹಾಕಿದಂತೆ ಕರ್ನಾಟಕ ಸರ್ಕಾರ, ನಮ್ಮ ಸಂಸದರು, ಶಾಸಕರು ಮೂರು ಷರತ್ತುಗಳನ್ನು ವಿಲೀನದ ಪತ್ರದಲ್ಲೇ ಬರೆಸಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಮಳೆಗಾಲದ ಗಸ್ತಿನ ಹುದ್ದೆಗಳನ್ನು ಯಾವ ಯಂತ್ರ ಬಂದರೂ ಕಡಿತಗೊಳಿಸಬಾರದು. ಭೂಮಿ ಕಳೆದುಕೊಂಡ ಕುಟುಂಬಗಳ ನೇಮಕಾತಿ ಆದ್ಯತೆ ಮುಂದುವರಿಯಬೇಕು. ಚಲಿಸುವ ಗಾಡಿಯ ಚಾಲಕನನ್ನು ನೇರವಾಗಿ ತಲುಪುವ ಸಂಪರ್ಕ ಸಾಧನ ಪ್ರತಿ ಗಸ್ತಿನವರ ಕೈಯಲ್ಲಿರಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪಂಚಾಯತಿಗಳೂ ಪುರಸಭೆ, ಪಟ್ಟಣ ಪಂಚಾಯತಿಗಳೂ ಇದೇ ಮಾತನ್ನು ಠರಾವು ಮಾಡಿ ಕಳಿಸಲಿ. ಇಲ್ಲಿ ಕುಳಿತ ವಿದ್ಯಾರ್ಥಿಗಳು ಆ ಠರಾವಿನ ಕರಡನ್ನು ತಮ್ಮ ತಮ್ಮ ಊರಿನ ಗ್ರಾಮಸಭೆಗೆ ಒಯ್ದು ಓದಲಿ.